ಬಿಸಿಯಾದುದೆಲ್ಲ ಹೊಸದಲ್ಲ

ಶ್ರಾವಕರ ಅಡುಗೆಮನೆಗಳಲ್ಲಿ ಮೈಕ್ರೋವೇವ್ ಒಲೆ ನೆಲೆಯೂರಿ ಬಹಳ ವರ್ಷಗಳಾದವು. ಅದನ್ನು ಸಮರ್ಥಿಸುವವರು ಈಗ ಧರ್ಮದ ಭಾಷೆಯನ್ನೇ ಬಳಸತೊಡಗಿದ್ದಾರೆ. ಅದರಲ್ಲಿ ಜ್ವಾಲೆಯಿಲ್ಲ, ಆದ್ದರಿಂದ ಅಗ್ನಿಕಾಯಿಕ ಜೀವಗಳ ವಿರಾಧನೆಯಿಲ್ಲ, ಗ್ಯಾಸ್ ಒಲೆಗಿಂತ ಅದೇ ಅಹಿಂಸಕವೆಂಬುದು ಅವರ ವಾದ. ವಿರೋಧಿಸುವವರಲ್ಲಿ ಕೆಲವರು, ಅದರ ಕಿರಣಗಳಿಂದ ಅನ್ನವೇ ವಿಷವಾಗುವುದೆಂದು ಹೆದರಿಸುತ್ತಾರೆ. ಎರಡೂ ಮಾತುಗಳು ಸಲ್ಲವು.

ವಿಷದ ಮಾತನ್ನು ಬೇಗನೆ ತೀರಿಸಬಹುದು. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ರಾಡಾರ್ ಉಪಕರಣಗಳ ಕೆಲಸದಲ್ಲಿದ್ದಾಗ ಕಂಡುಕೊಂಡ ವಿಧಾನವಿದು. ಸೂಕ್ಷ್ಮ ತರಂಗಗಳು ಆಹಾರದೊಳಗಿನ ನೀರಿನ ಅಣುಗಳನ್ನು ಕದಲಿಸುತ್ತವೆ, ಶಾಖ ಹುಟ್ಟುತ್ತದೆ. ಯಂತ್ರ ನಿಂತೊಡನೆ ತರಂಗಗಳೂ ಇಲ್ಲ. ಆಹಾರದಲ್ಲಿ ವಿಕಿರಣ ಉಳಿಯುವುದಿಲ್ಲ. ಸುಳ್ಳು ಭಯದ ಮೇಲೆ ನಿಯಮವನ್ನು ನಿಲ್ಲಿಸಲಾಗದು. ಸತ್ಯವೂ ಅಣುವ್ರತಗಳಲ್ಲಿ ಒಂದಷ್ಟೆ.

ಜ್ವಾಲೆಯಿಲ್ಲವೆಂಬ ವಾದ ಹೆಚ್ಚು ಜಾಣತನದ್ದು. ಆದರೆ ಮನೆಯಲ್ಲಿ ಬೆಂಕಿ ಕಾಣದ ಮಾತ್ರಕ್ಕೆ ಬೆಂಕಿಯೇ ಇಲ್ಲವೆ? ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿ ತೆಗೆದ ವಿದ್ಯುತ್ತೂ ಅದೇ ತಂತಿಗಳಲ್ಲಿ ಹರಿದು ಬರುತ್ತದೆ. ಉರಿಯನ್ನು ದೂರದ ಊರಿಗೆ ಸಾಗಿಸಿ ಲೆಕ್ಕದ ಪುಸ್ತಕದಿಂದ ಅಳಿಸಿಬಿಡುವುದು ವ್ಯಾಪಾರದಲ್ಲಿಯೂ ನಡೆಯದು.

ನಿಜವಾದ ಪ್ರಶ್ನೆ ಮರ್ಯಾದೆಯದು. ದಿಗಂಬರ ಪರಂಪರೆಯ ಶುದ್ಧ ಅಡುಗೆಯಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಕಾಲದ ಎಲ್ಲೆಯುಂಟು. ಸೋಸಿದ ನೀರಿಗೆ 48 ನಿಮಿಷ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಅನ್ನ, ಬೇಳೆಗಳಿಗೆ 2 ಪ್ರಹರ, ಎಂದರೆ ಸುಮಾರು 6 ಗಂಟೆ. ಅವಧಿ ಮೀರಿದ ನೀರನ್ನು ಮತ್ತೆ ಕುದಿಸಿ ಬಳಸುವಂತಿಲ್ಲ. ಇಡೀ ವಿಚಾರದ ಕೀಲು ಇಲ್ಲಿದೆ: ಶಾಖದಿಂದ ಮರ್ಯಾದೆ ಮರಳಿ ಬಾರದು. ಹೊರಗುಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಒಂದು ವಿಷವಂತೂ ಮತ್ತೆ ಕಾಯಿಸಿದರೂ ಅಳಿಯುವುದಿಲ್ಲ. (ಪೂರ್ವಾಚಾರ್ಯರಿಗೆ ಈ ಬ್ಯಾಕ್ಟೀರಿಯ ತಿಳಿದಿತ್ತೆಂದು ಬೀಗುವ ಅಗತ್ಯವಿಲ್ಲ, ಅವರ ನಿಯಮಕ್ಕೆ ಜೀವದಯೆಯೇ ಸಾಕಷ್ಟು ಕಾರಣವಾಗಿತ್ತು.)

ಹಳೆಯ ಸರಕಿಗೆ ಹೊಸ ಹೊದಿಕೆ ಹಾಕಿ ಮಾರುವವನನ್ನು ಪೇಟೆ ಏನೆಂದು ಕರೆಯುತ್ತದೆಯೋ ಎಲ್ಲರೂ ಬಲ್ಲರು. ನಿನ್ನೆಯ ಪಲ್ಯ ಎರಡು ನಿಮಿಷದಲ್ಲಿ ಹಬೆಯಾಡುತ್ತ ತಟ್ಟೆಗೆ ಬಂದಾಗ ಮನೆಯವರೇ ಮನೆಯವರಿಗೆ ಮಾಡಿಕೊಳ್ಳುವ ವಂಚನೆ ಅದೇ. ಹಾಗೆ ಬಿಸಿಮಾಡಿದ ಅನ್ನವನ್ನಿಟ್ಟುಕೊಂಡು, ಮುನಿಗಳ ಮುಂದೆ ಆಹಾರ-ಜಲ ಶುದ್ಧವೆಂದು ಹೇಳಲು ಯಾವ ಶ್ರಾವಿಕೆಯ ನಾಲಗೆ ಏಳುತ್ತದೆ? ಅತಿಥಿಗೆ ಸಲ್ಲದುದು ಮಕ್ಕಳಿಗೆ ಹೇಗೆ ಸಂದಿತು?

ಇದರ ಬೆನ್ನಿಗೇ ರಾತ್ರಿಭೋಜನವೂ ಬಂದಿತು. ಒಲೆ ಹಚ್ಚುವ ಶ್ರಮವಿದ್ದಾಗ ಹತ್ತು ಗಂಟೆಯ ಹಸಿವು ಹಿಂಜರಿಯುತ್ತಿತ್ತು. ಈಗ ಗುಂಡಿಯೊಂದೇ ಸಾಕು. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಹಿಂಸೆಯನ್ನು ರಾಗಾದಿ ಭಾವಗಳ ಉದಯದಲ್ಲಿ ಕಾಣುತ್ತದೆ, ರಾತ್ರಿಭೋಜನವನ್ನೂ ಅದೇ ದೃಷ್ಟಿಯಿಂದ ಪರೀಕ್ಷಿಸುತ್ತದೆ. ಯಂತ್ರ ಪಾಪಿಯಲ್ಲ, ಅದು ರಾಗಕ್ಕೆ ದಾರಿಯನ್ನು ನುಣ್ಣಗೆ ಮಾಡಿಕೊಟ್ಟಿತು.

ಉದ್ಯೋಗಕ್ಕೆ ಹೋಗುವ ಹೆಣ್ಣುಮಕ್ಕಳು ಎರಡು ಹೊತ್ತು ಬೇಯಿಸುವುದೆಂತು ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳಬೇಕಾದವರು ಗಂಡಸರು. ಅಂಗಡಿಯ ಗಲ್ಲೆಯಿಂದ ಐದು ಗಂಟೆಗೆ ಎದ್ದು ಬಂದು ಕುಕ್ಕರ್ ಇಡಬಾರದೆಂದು ಯಾವ ಶ್ರಾವಕಾಚಾರವೂ ವಿಧಿಸಿಲ್ಲ. ಈ ಯಂತ್ರವಿಲ್ಲದ ಮನೆಯಲ್ಲಿ ಅಕ್ಕಿಯನ್ನು ಪಾವಿನಲ್ಲಿ ಅಳೆದೇ ಹಾಕುತ್ತಾರೆ; ಉಳಿದುದನ್ನು ಮುಚ್ಚಿಡಲು ಅಲ್ಲಿ ಜಾಗವಿಲ್ಲ.

ಇನ್ನು ಬಸದಿಗಳ ಟ್ರಸ್ಟುಗಳು. ತಡವಾಗಿ ಬರುವ ಯಾತ್ರಿಕರಿಗೆಂದು ಯಾತ್ರಿನಿವಾಸದಲ್ಲಿ ಇಂಥ ಒಲೆ ಇರಿಸುವ ಮೊದಲು, ಸೂರ್ಯಾಸ್ತದೊಳಗೆ ಊಟ ಮುಗಿಯುವಂತೆ ಅಡುಗೆಯವರ ವೇಳೆಯನ್ನು ಬದಲಿಸಿ, ಆ ವೇಳೆಯನ್ನು ಕೊಠಡಿ ಕಾದಿರಿಸುವಾಗಲೇ ಯಾತ್ರಿಕರಿಗೆ ತಿಳಿಸಲಿ. ಅದಕ್ಕೆ ಯಾವ ಅಂಗಡಿಯಿಂದಲೂ ಕೊಟೇಶನ್ ತರಿಸಬೇಕಿಲ್ಲ.