ಯಂತ್ರದ ಕೈಪಿಡಿಗೆ ಎಂಥ ಅನುವಾದಕ ಬೇಕು?

ಇಟಲಿಯ ಬೊಲೋನ್ಯ ನಗರದ ಸುತ್ತಮುತ್ತ ಔಷಧಿ, ತಿಂಡಿತಿನಿಸುಗಳನ್ನು ಪೊಟ್ಟಣ ಕಟ್ಟುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಗಳು ಹೇರಳವಾಗಿವೆ. ಅಂಥದೊಂದು ಯಂತ್ರವು ಇಸ್ರೇಲಿನ ಹೈಫಾ ಬಂದರಿಗೆ ಬಂದಿಳಿಯಿತೆಂದು ಭಾವಿಸೋಣ. ಅದರ ಕೈಪಿಡಿಯನ್ನು ಹೀಬ್ರೂ ಭಾಷೆಗೆ ತಿರುಗಿಸಬೇಕಾದವರು ಯಾರು? ಎರಡೂ ಭಾಷೆಗಳನ್ನು ಬಲ್ಲವರು ಎಂದು ಯಾರಾದರೂ ಉತ್ತರಿಸುವರು. ಅಷ್ಟೇ ಸಾಲದೆಂಬುದು ನನ್ನ ಅಭಿಪ್ರಾಯ.

ಇಟಾಲಿಯನ್ ಭಾಷೆಯಲ್ಲಿ 'ಆಲ್ಬೆರೊ' ಎಂದರೆ ಮರ. ಯಂತ್ರಶಾಲೆಯಲ್ಲಿ ಅದೇ ಶಬ್ದಕ್ಕೆ ತಿರುಗುವ ದಂಡವೆಂದರ್ಥ. ಈ ದಂಡವನ್ನು ಹೀಬ್ರೂ ಇಂಜಿನಿಯರು 'ಗಲ್' ಎನ್ನುತ್ತಾನೆ. ಆ ಮಾತಿಗೆ ಅಲೆಯೆಂಬ ಅರ್ಥವೂ ಉಂಟು. ಅಲ್ಲಿಯ ಮರ ಇಲ್ಲಿ ಅಲೆಯಾಗಬೇಕು! ನಿಘಂಟನ್ನೇ ನಂಬಿದವನಿಗೆ ಇದು ಹೊಳೆಯುವುದೆಂತು? ನಮ್ಮ ಬಂಡಿಯ ಅಚ್ಚು, ಬೆಲ್ಲದ ಅಚ್ಚು, ಪುಸ್ತಕದ ಅಚ್ಚುಗಳನ್ನು ಪರಭಾಷಿಕನು ಬೇರ್ಪಡಿಸಲು ಹೊರಟರೆ ಪಡುವ ಪಾಡೂ ಇದೇ. 'ಕೊಪ್ಪಿಯ' ಎಂಬ ಇನ್ನೊಂದು ಶಬ್ದವಿದೆ. ಅದು ಜೋಡಿಯೂ ಹೌದು, ತಿರುಪನ್ನು ಬಿಗಿಯಲು ಬೇಕಾದ ತಿರುಚುಬಲವೂ ಹೌದು.

ಶಬ್ದಕ್ಕಿಂತ ಅಂಕೆ ಹೆಚ್ಚು ಅಪಾಯಕರ. ಇಟಲಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಬಿಂದು. ಇಸ್ರೇಲಿನಲ್ಲಿ ನಮ್ಮಲ್ಲಿರುವಂತೆ ಅದರ ವಿಪರ್ಯಾಸ. ನಿಮಿಷಕ್ಕೆ 1.500 ಸುತ್ತುಗಳೆಂದರೆ ಅವರಿಗೆ ಸಾವಿರದ ಐನೂರು, ಇವರಿಗೆ ಒಂದೂವರೆ. ಇದನ್ನು ಕಂಡು ಯಾರಾದರೂ ನಕ್ಕು ತಿದ್ದಿಯಾರು. ಆದರೆ ಹೀಬ್ರೂ ಬರೆಹ ಬಲದಿಂದ ಎಡಕ್ಕೆ ಸಾಗುತ್ತದೆ, ಸಂಖ್ಯೆಗಳು ಮಾತ್ರ ಎಡದಿಂದ ಬಲಕ್ಕೆ. ಕವಾಟಗಳನ್ನು 3-1-2 ಎಂಬ ಕ್ರಮದಲ್ಲಿ ತೆರೆಯಬೇಕೆಂದು ಮುದ್ರಿಸಿದ್ದರೆ ಯಾವ ತುದಿಯಿಂದ ಓದಬೇಕು? ಬಿಸಿ ಹಬೆ ಕೆಲಸಗಾರನ ಮುಖಕ್ಕೆ ನುಗ್ಗಲು ಅಷ್ಟು ಸಂದೇಹವೇ ಸಾಕು.

ಹೀಬ್ರೂವಿಗೆ ಪದದಾರಿದ್ರ್ಯವಿದೆಯೆಂದಲ್ಲ. ಹೈಫಾದ ತಾಂತ್ರಿಕ ವಿದ್ಯಾಲಯದಲ್ಲಿ ವಿಜ್ಞಾನವನ್ನು ಜರ್ಮನ್ ಭಾಷೆಯಲ್ಲಿ ಬೋಧಿಸಬೇಕೆಂಬ ನಿರ್ಧಾರವನ್ನು ವಿರೋಧಿಸಿ 1913ರಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಮುಷ್ಕರ ಹೂಡಿದರು. 1924ರಲ್ಲಿ ಅಲ್ಲಿ ತರಗತಿಗಳು ಹೀಬ್ರೂವಿನಲ್ಲಿಯೇ ಆರಂಭವಾದವು. 1953ರಲ್ಲಿ ಸ್ಥಾಪಿತವಾದ ಹೀಬ್ರೂ ಭಾಷಾ ಅಕಾಡೆಮಿಯು ಪಾರಿಭಾಷಿಕ ಪದಾವಳಿಗಳನ್ನು ಸಿದ್ಧಪಡಿಸುತ್ತ ಬಂದಿದೆ. ಪದಗಳುಂಟು, ಎರಡು ಭಾಷೆಗಳ ಜೊತೆಗೆ ಯಂತ್ರವನ್ನೂ ಬಲ್ಲವರು ವಿರಳ. ಆದುದರಿಂದಲೇ ಇಂಗ್ಲಿಷಿನ ಮೂಲಕ ಸುತ್ತುಹಾದಿ ಹಿಡಿಯುವ ವಾಡಿಕೆಯುಂಟು. ಒಂದು ತಪ್ಪಿನ ಮೇಲೆ ಇನ್ನೊಂದು ಸೇರಲು ಅದು ರಾಜಮಾರ್ಗ.

ಒಬ್ಬ ಸಿಗದಿದ್ದರೆ ಇಬ್ಬರನ್ನು ಹಿಡಿಯಬೇಕು: ಹೀಬ್ರೂವನ್ನು ತಾಯಿನುಡಿಯಾಗಿ ಬಲ್ಲ ಅನುವಾದಕನೊಬ್ಬ, ಅವನ ಬರೆಹವನ್ನು ತಿದ್ದುವ ಇಂಜಿನಿಯರೊಬ್ಬ. ವೆಚ್ಚ ಹೆಚ್ಚಾಗುವುದು ನಿಜ, ಆಗಲಿ. ಕೆಲಸ ಒಪ್ಪಿಸುವ ಮುನ್ನ ಒಂದು ಪುಟವನ್ನು ಅನುವಾದ ಮಾಡಿಸಿ, ಮೂಲವನ್ನು ನೋಡದ ಕೆಲಸಗಾರನ ಕೈಗೆ ಕೊಡಿ. ಆ ಪುಟವನ್ನು ಓದಿಕೊಂಡು ಅವನು ನಿಂತಿರುವ ಯಂತ್ರದ ದಂಡವನ್ನು ಬಿಚ್ಚಿ, ಮತ್ತೆ ಜೋಡಿಸಿ ತೋರಿಸಲಿ.