ಸಡಿಲ ಬಂಧದ ಸಾಮರ್ಥ್ಯ

ಬಿಡಿಸಲಾಗದ ಬಂಧವೇ ಶ್ರೇಷ್ಠವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ರಸಾಯನಶಾಸ್ತ್ರದ ಪಾಠದಲ್ಲಿಯೂ ಪರಮಾಣುಗಳನ್ನು ಬಿಗಿಯಾಗಿ ಹಿಡಿದಿಡುವ ಬಂಧಗಳಿಗೇ ಮೊದಲ ಮಣೆ. ಅಣು ಅಣುಗಳ ನಡುವಣ ಸಡಿಲ ಬಂಧಗಳಿಗೆ ಪುಟದ ಮೂಲೆಯೇ ಗತಿ. ಇದು ಸರಿಯಲ್ಲವೆಂದು ನನ್ನ ಮತ.

ಟ್ರೈಮೆಸಿಕ್ ಆಮ್ಲವೆಂಬ ವಸ್ತುವೊಂದಿದೆ. ಅದರ ಅಣುವಿನ ನಡುವೆ ಆರು ಇಂಗಾಲ ಪರಮಾಣುಗಳ ಬೆಂಜೀನ್ ಉಂಗುರ. ಅದರಿಂದ ಸಮಾನ ಅಂತರದಲ್ಲಿ ಚಾಚಿದ ಮೂರು ಕೈಗಳು. ಇವೇ ಕಾರ್ಬಾಕ್ಸಿಲ್ ಗುಂಪುಗಳು. ಒಂದು ಅಣುವಿನ ಕೈ ಮತ್ತೊಂದರ ಕೈಗೆ ಎದುರಾದಾಗ ಎರಡು ಜಲಜನಕ ಬಂಧಗಳು ಏರ್ಪಡುತ್ತವೆ. ನಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟಿನ ನಯವಾದ ಮೇಲ್ಮೈಯ ಮೇಲೆ ಈ ಆಮ್ಲದ ದ್ರಾವಣದ ಹನಿಯನ್ನಿಟ್ಟರೆ, ಅಣುಗಳು ಅಲ್ಲಿ ಮಲಗಿ, ಕೈ ಕೈ ಹಿಡಿದು, ಒಂದೇ ಅಣುವಿನಷ್ಟು ದಪ್ಪದ ಹಾಳೆಯಾಗಬಲ್ಲವು. ಆ ಹಾಳೆ ಜೇನುಗೂಡಿನ ಕೋಣೆಗಳಂತೆ ಷಟ್ಕೋನಗಳ ಜಾಲ. ಪ್ರತಿಯೊಂದು ಕಣ್ಣಿನ ಸುತ್ತ ಆರು ಅಣುಗಳು. ಕಣ್ಣಿನ ಅಗಲ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತ ತುಸು ಹೆಚ್ಚು! 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಎಂಬ ವಿಜ್ಞಾನಿಗಳು ನಿರ್ಮಿಸಿದ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದ ಬಗೆಯ ಉಪಕರಣದಿಂದ ಇದನ್ನು ಕಾಣಬಹುದು.

ಈ ಜಾಲವನ್ನು ನೇಯ್ದವರು ಯಾರು? ಅಣುಗಳಿಗೇ ಬುದ್ಧಿಯಿದೆಯೆಂಬಂತೆ ಕೆಲವರು ಬರೆಯುವುದುಂಟು; ಅದು ಬರಿಯ ಅಲಂಕಾರ. ಶಾಖದಿಂದಾಗಿ ಅಣುಗಳು ಸದಾ ಅಲೆಯುತ್ತಿರುತ್ತವೆ. ತಪ್ಪಾಗಿ ಕೂಡಿದುದು ಬೇಗನೆ ಕಳಚುತ್ತದೆ. ಏಕೆಂದರೆ ಅಂಥ ಒಂದೊಂದು ಬಂಧದ ಬಲ ಇಂಗಾಲ-ಇಂಗಾಲ ಬಂಧದ ಹತ್ತನೆಯ ಒಂದು ಪಾಲಿಗೂ ಕಡಿಮೆ. ಸರಿಯಾಗಿ ಕೂಡಿದುದಕ್ಕಾದರೋ ಸುತ್ತಲಿನ ಕೈಗಳೆಲ್ಲದರ ಆಸರೆ, ಅದು ನಿಲ್ಲುತ್ತದೆ. ಬಂಧ ಬಿಗಿಯಾಗಿದ್ದರೆ ಮೊದಲ ತಪ್ಪೇ ಶಾಶ್ವತ. ಬಿಗಿಬಂಧಗಳಿಂದಲೇ ಇಂಥ ಜಾಲ ಹೆಣೆಯಹೊರಟ ಪ್ರಯೋಗಗಳಲ್ಲಿ ಐದು, ಏಳು ಮೂಲೆಗಳ ವಕ್ರ ಕಣ್ಣುಗಳು ನುಸುಳಿದುದುಂಟು.

ಇಂಥ ಹಾಳೆ ಎಷ್ಟು ದಿನ ಬಾಳೀತು ಎಂದು ವಿದ್ಯಾರ್ಥಿಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಚೆನ್ನಾಗಿ ಕಾಯಿಸಿದರೆ ಅದು ಚದರುವುದು. ಆದರೆ ಡಿ.ಎನ್.ಎ.ಯ ಎರಡು ಎಳೆಗಳ ಜೋಡಿಗಳನ್ನು ಕೂಡಿಸುವವೂ ಜಲಜನಕ ಬಂಧಗಳೇ. ಅವು ಬಿಚ್ಚಿಕೊಳ್ಳುವುದರಿಂದಲೇ ಎಳೆಗಳು ಬೇರ್ಪಟ್ಟು ಹೊಸ ಪ್ರತಿ ಸಿದ್ಧವಾಗುವುದು. ಅಣುಗಳ ಇಂಥ ಸಡಿಲ ಮೈತ್ರಿಯ ಅಧ್ಯಯನಕ್ಕೆ ಅಡಿಪಾಯ ಹಾಕಿದ ಲೆನ್, ಕ್ರ್ಯಾಮ್, ಪೆಡರ್ಸನ್ ಅವರಿಗೆ 1987ರಲ್ಲಿ ನೊಬೆಲ್ ಬಹುಮಾನವೂ ಸಂದಿತು. ಆದುದರಿಂದ ಇದು ಪರೀಕ್ಷೆ ಹತ್ತಿರವಾದಾಗ ಬಿಟ್ಟುಬಿಡುವ ಪಾಠವಾಗಬಾರದು. ಬಿಗಿಬಂಧದ ಪಾಠದ ಮಗ್ಗುಲಲ್ಲಿಯೇ, ಅದೇ ವಾರದಲ್ಲಿ, ಇದನ್ನೂ ಕಲಿಸಬೇಕು.