ಏಣಿ ಯಾರದು, ತಂತಿ ಯಾರದು?

ಗೆಳೆಯರೆ, ಬೆಳಗಿನ ಹೊತ್ತು ವೀರನಹೊಸಹಳ್ಳಿ ಗೇಟಿನಲ್ಲಿ ನಿಂತು ನೋಡಿ. ಒಂದು ಕಡೆ ಹುಲಿ ನೋಡಲು ಬಂದವರ ಜೀಪು. ಇನ್ನೊಂದು ಕಡೆ ನಮ್ಮ ಕೇರಿಯವರನ್ನೂ ಹಾಡಿಯವರನ್ನೂ ತುಂಬಿಕೊಂಡು ನಾಗರಹೊಳೆ ದಾಟಿ ಕುಟ್ಟದ ಕಡೆಗೆ ಹೊರಟ ಜೀಪು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಡಗಿನ ತೋಟಗಳಲ್ಲಿ ಮೆಣಸು ಕುಯ್ಯೋ ಕೆಲಸ. ರಜಕ್ಕೆ ಊರಿಗೆ ಹೋದ ನಮ್ಮ ಹಾಸ್ಟೆಲ್ ಹುಡುಗರೂ ಅದೇ ಜೀಪು ಹತ್ತುತ್ತಾರೆ. ಪರೀಕ್ಷೆ ಫೀಸು ಇನ್ಯಾರು ಕೊಡ್ತಾರೆ?

ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರದ ಮೇಲೆ 20-30 ಅಡಿ ಏರುತ್ತದೆ. ಹಿಂದೆ ಬಿದಿರೇಣಿ ಇತ್ತು. ಈಗ ಅಲ್ಯೂಮಿನಿಯಂ ಏಣಿ. ಹಗುರ, ಒಬ್ಬನೇ ಹೊರಬಹುದು, ಧಣಿಗೆ ಒಂದಾಳಿನ ಕೂಲಿ ಉಳಿತಾಯ. ಆದರೆ ಮೇಲೆ ಹಾಯುವ ಕರೆಂಟಿನ ತಂತಿಯೂ ಅದೇ ಲೋಹದ್ದು. ರಸ್ತೆಯಿಲ್ಲದ ಕಡೆ 11,000 ವೋಲ್ಟಿನ ಬರಿ ತಂತಿ ನೆಲದಿಂದ 4.6 ಮೀಟರ್ ಎತ್ತರದಲ್ಲಿದ್ದರೆ ಸಾಕು ಅಂದಿತ್ತು 1956ರ ವಿದ್ಯುತ್ ನಿಯಮ. ಅಂದರೆ 15 ಅಡಿ. ಏಣಿ 30 ಅಡಿ. ಈ ಲೆಕ್ಕಕ್ಕೆ ಬಿ.ಎ. ಓದಬೇಕಿಲ್ಲ.

ಏಣಿ ಹತ್ತಿದವನು ಮಾತ್ರ ಸಾಯುವುದಿಲ್ಲ. ನಿಲ್ಲಿಸಿದ ಏಣಿಯನ್ನು ಮರದಿಂದ ಮರಕ್ಕೆ ಒಯ್ಯುವಾಗ ಕಣ್ಣು ಕಾಲಡಿಯ ಬೇರು ಕಲ್ಲುಗಳ ಮೇಲಿರುತ್ತದೆ, ಏಣಿಯ ತಲೆ ಎಲೆಗಳೊಳಗೆ ಮರೆಯಾಗಿರುತ್ತದೆ. ತಗುಲಿದರೆ ಹಿಡಿದವರೆಲ್ಲ ಹೋದಂತೆ, ಬಿಡಿಸಲು ಓಡಿ ಬಂದವನೂ ಹೋದಂತೆ. ಒಣಕೋಲಿನಿಂದ ತಳ್ಳುವ ಉಪಾಯ 11,000 ವೋಲ್ಟಿನ ಮುಂದೆ ನಂಬುವಂಥದ್ದಲ್ಲ. ಮೊದಲು ಲೈನು ಆಫ್ ಆಗಬೇಕು.

ಬೀದಿದೀಪ ಸರಿಮಾಡಲು ಲಾರಿಯ ಮೇಲೆ ಏರುವ ತೊಟ್ಟಿಲು ನೋಡಿದ್ದೀರಿ. ಅದಕ್ಕೆ ಕಟಕಟೆ ಇದೆ, ಒಳಗೆ ನಿಂತವನಿಗೆ ಬೆಲ್ಟು ಇರಬೇಕು. ತಂತಿಗೆ ತಗುಲಿದರೆ ಅದೂ ಕೊಲ್ಲುತ್ತದೆ. ಅದಕ್ಕೇ ಎಲ್.ಸಿ. ತೆಗೆದುಕೊಳ್ಳದೆ, ಅಂದರೆ ಲೈನಿನ ಕರೆಂಟು ತೆಗೆಸಿ ಖಾತ್ರಿ ಮಾಡಿಕೊಳ್ಳದೆ, ಲೈನ್‌ಮನ್ ಕಂಬ ಹತ್ತಬಾರದೆಂದು ಕಟ್ಟಳೆ. (ಆ ಕಟ್ಟಳೆ ಮುರಿಸಿಕೊಂಡು ಸಾಯುವ ಗುತ್ತಿಗೆ ಹುಡುಗರೂ ನಮ್ಮವರೇ. ಅದು ಬೇರೆ ಕತೆ.) ತಂತಿಯ ಕೆಳಗಿನ ಸಾಲು ಕುಯ್ಯುವ ದಿನ ಕರೆಂಟು ತೆಗೆಸಿ ಅಂತ ಧಣಿ ಒಂದು ಅರ್ಜಿ ಕೊಡಬಾರದೆ? ಕರೆಂಟು ಹರಿಯದ ಫೈಬರ್ ಏಣಿ ತರಬಾರದೆ? ದುಡ್ಡು ಜಾಸ್ತಿಯಂತೆ!

ಮರುದಿನ ಪೇಪರಿನಲ್ಲಿ ನಾಲ್ಕು ಸಾಲು: ಏಣಿ ತಂತಿಗೆ ತಗುಲಿ ಕಾರ್ಮಿಕ ಸಾವು. ಏಣಿ ಕೊಟ್ಟವನ ಹೆಸರಿಲ್ಲ. ಠಾಣೆಯಲ್ಲಿ ಅಸಹಜ ಸಾವು, ಯು.ಡಿ.ಆರ್. ಮೇಸ್ತ್ರಿ ಹೆಣದ ಜೊತೆ ಒಂದಿಷ್ಟು ನೋಟು ತಂದು, ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರೆ ಅಲ್ಲಿಗೆ ಮುಗಿಯಿತು.

ಆ ಕಾಗದ ಓದಲು ನಾವು ಅಲ್ಲಿರಬೇಕು. ನಿರ್ಲಕ್ಷ್ಯದಿಂದಾದ ಸಾವು ಅಂತ ದೂರು ಬರೆದುಕೊಡಬೇಕು. ಎಫ್.ಐ.ಆರ್. ಪ್ರತಿ ದೂರುದಾರರಿಗೆ ಬಿಟ್ಟಿ ಕೊಡಬೇಕೆಂದು ಕಾನೂನಿದೆ. 2003ರ ವಿದ್ಯುತ್ ಕಾಯಿದೆಯ 161ನೇ ಕಲಮಿನಲ್ಲಿ ಇಂಥ ಅವಘಡದ ವಿಚಾರಣೆಗೆ ದಾರಿಯಿದೆ. ವಿದ್ಯುತ್ ಪರಿವೀಕ್ಷಕರಿಗೂ ಒಂದು ಅರ್ಜಿ ಹೋಗಲಿ. ಕೆಲಸದಲ್ಲಿ ಸತ್ತರೆ ಪರಿಹಾರ ಕೊಡಿಸುವ ಕಾಯಿದೆ 1923ರಿಂದ ಇತ್ತು. 2025ರ ನವೆಂಬರಿನಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಇದನ್ನೆಲ್ಲ ನಮ್ಮವ್ವಂದಿರಿಗೆ ಧಣಿ ಬಂದು ಹೇಳ್ತಾನಾ?

ಜೀಪು ಹತ್ತುವ ಮೊದಲು ಮೇಸ್ತ್ರಿಯನ್ನು ಕೇಳಿ: ತೋಟ ಯಾರದು, ಲೈನು ಎಲ್ಲಿ ಹಾಯ್ದಿದೆ, ಏಣಿ ಯಾವುದು? ಹೇಳಿದ್ದನ್ನು ಬರೆದು ಮನೆಯಲ್ಲಿಟ್ಟು ಹೋಗಿ. ತೋಟದಲ್ಲಿ ಏಣಿಯನ್ನು ಮಲಗಿಸಿಕೊಂಡೇ ಒಯ್ಯಿರಿ, ಮೇಸ್ತ್ರಿ ಬೈದರೆ ಬೈಯಲಿ.